ಸ್ಪೀಕರ್ ಮೇಲಿನ ಧೂಳು: ಎಲ್ಲಿ ಮುಟ್ಟಬಹುದು, ಎಲ್ಲಿ ಕೈ ಇಡಬಾರದು

ಪ್ರಶ್ನೆ: ನಮ್ಮ ಮನೆ ಗದಗದಲ್ಲಿ, ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಮೀಪ ಇದೆ. ಪಡಸಾಲೆಯಲ್ಲಿ ಎರಡು ಜೋಡಿ ಸ್ಪೀಕರ್ ಇಟ್ಟಿದ್ದೇವೆ. ಒಂದು ಜೋಡಿ ಈಚೆಗೆ ಕೊಂಡ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರ್. ಅದರ ಟ್ವೀಟರ್ (ಎತ್ತರದ ಸ್ವರ ನುಡಿಸುವ ಸಣ್ಣ ಭಾಗ) ಬಟ್ಟೆಯದು, ವೂಫರ್ (ತಗ್ಗಿನ ಸ್ವರ ನುಡಿಸುವ ದೊಡ್ಡ ಭಾಗ) ಕಾಗದದ್ದು. ಇನ್ನೊಂದು ಜೋಡಿ ನಮ್ಮ ತಂದೆಯವರು 1990ರ ದಶಕದಲ್ಲಿ ತಂದ ದೊಡ್ಡ ಪೆಟ್ಟಿಗೆಗಳು. ಮಲ್ಲಿಕಾರ್ಜುನ ಮನ್ಸೂರರನ್ನು, ಗಂಗೂಬಾಯಿ ಹಾನಗಲ್ಲರನ್ನು ಅವರು ಕೇಳುತ್ತಿದ್ದದ್ದು ಅದರಲ್ಲೇ. ಮುಂದಿನ ಜಾಲರಿ ತೆಗೆದರೆ ಎಲ್ಲದರ ಮೇಲೂ ಬಿಳಿ ಅರಳೆ ಮತ್ತು ಮಣ್ಣಿನ ಧೂಳು. ದೊಡ್ಡ ಪೆಟ್ಟಿಗೆಯ ವೂಫರ್ ಕೆಳಗೆ ಕಪ್ಪು ಪುಡಿ ಬೀಳುತ್ತದೆ, ಎಷ್ಟು ಒರೆಸಿದರೂ ಮತ್ತೆ ಬೀಳುತ್ತದೆ. ಚಿಕ್ಕ ಜೋಡಿಯ ಎಡಗಡೆ ಸ್ಪೀಕರಿನಲ್ಲಿ ಆಗಾಗ ಕರಕರ ಅನ್ನುತ್ತದೆ. ಅದರ ಟ್ವೀಟರನ್ನು ಮಗ ಬೆರಳಲ್ಲಿ ಒತ್ತಿ ಸ್ವಲ್ಪ ತಗ್ಗು ಬಿದ್ದಿದೆ. ವ್ಯಾಕ್ಯೂಮ್ ಕ್ಲೀನರ್ ಹಿಡಿಯಬಹುದಾ? ಇಲ್ಲ, ಕಂಪ್ಯೂಟರ್ ಅಂಗಡಿಯ ಬ್ಲೋವರ್ ಒಳ್ಳೆಯದಾ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಗುತ್ತದಾ?

ಉತ್ತರ: ಮೊದಲು ಆ ಕಪ್ಪು ಪುಡಿಯ ವಿಷಯ. ದೊಡ್ಡ ಪೆಟ್ಟಿಗೆಗಳನ್ನು ಒರೆಸುವುದನ್ನು ಇವತ್ತೇ ನಿಲ್ಲಿಸಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಹೊರಗಿನಿಂದ ಬಂದ ಧೂಳಿನಂತೆ ಕಾಣುವುದಿಲ್ಲ. ಸ್ಪೀಕರಿನದೇ ಒಂದು ಭಾಗ ಉದುರುತ್ತಿರಬೇಕು.

ವೂಫರಿನ ಕೋನ್, ಅಂದರೆ ಮುಂದೆ ಬಟ್ಟಲಿನಂತೆ ಕಾಣುವ ಅಲುಗಾಡುವ ಭಾಗ, ಅದರ ಸುತ್ತ ಒಂದು ಮೆತ್ತನೆಯ ಉಂಗುರ ಇರುತ್ತದೆ. ಕೋನನ್ನು ಹೊರಗಿನ ಚೌಕಟ್ಟಿಗೆ ಹಿಡಿದಿಡುವುದು ಅದೇ. ಇದಕ್ಕೆ ಸರೌಂಡ್ ಅನ್ನುತ್ತಾರೆ, ರಿಪೇರಿ ಅಂಗಡಿಗಳಲ್ಲಿ ಎಡ್ಜ್ ಅಂತಲೂ ಹೇಳುತ್ತಾರೆ. ಆ ಕಾಲದ ಬಹಳಷ್ಟು ಸ್ಪೀಕರುಗಳಲ್ಲಿ ಈ ಉಂಗುರವನ್ನು ಪಾಲಿಯುರೇಥೇನ್ ಫೋಮ್‌ನಿಂದ ಮಾಡುತ್ತಿದ್ದರು. ಫೋಮ್ ಹಗುರ, ಮೆತ್ತಗೆ, ತಗ್ಗಿನ ಸ್ವರಕ್ಕೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಆಯಸ್ಸು ಕಡಿಮೆ. ಗಾಳಿಯಲ್ಲಿನ ತೇವ ಅದರ ಒಳಗಿನ ಕಟ್ಟನ್ನು ನಿಧಾನವಾಗಿ ಸಡಿಲ ಮಾಡುತ್ತದೆ, ಬಿಸಿಲು ಅದನ್ನು ಇನ್ನೂ ಬೇಗ ಒಣಗಿಸಿ ಪುಡಿ ಮಾಡುತ್ತದೆ. ಸ್ಪೀಕರ್ ಹಾಕಿದರೂ ಅಷ್ಟೇ, ಹಾಕದೆ ಮೂಲೆಯಲ್ಲಿ ಇಟ್ಟರೂ ಅಷ್ಟೇ. ಸಾಮಾನ್ಯವಾಗಿ 10ರಿಂದ 20 ವರ್ಷದೊಳಗೆ ಫೋಮ್ ಕೈ ಕೊಡುತ್ತದೆ. ನಿಮ್ಮ ತಂದೆಯವರ ಸ್ಪೀಕರ್ ಆ ವಯಸ್ಸು ದಾಟಿದೆ.

ಪರೀಕ್ಷೆ ಮಾಡುವುದು ಸುಲಭ. ಕೆಳಗೆ ಬಿದ್ದ ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ. ಮಣ್ಣಿನ ಧೂಳಾದರೆ ಒರಟಾಗಿ ಉದುರುತ್ತದೆ. ಫೋಮ್ ಆಗಿದ್ದರೆ ಕಪ್ಪಗೆ ಮಸಿಯಂತೆ ಬೆರಳಿಗೆ ಹತ್ತಿಕೊಳ್ಳುತ್ತದೆ, ಸ್ವಲ್ಪ ಜಿಗುಟು ಅನಿಸುತ್ತದೆ. ಆಮೇಲೆ ಟಾರ್ಚ್ ಹಿಡಿದು ಬದಿಯಿಂದ ಆ ಉಂಗುರ ನೋಡಿ. ಬಿರುಕು, ಸಣ್ಣ ತೂತು, ಚೌಕಟ್ಟಿನ ಹತ್ತಿರ ಬಿಟ್ಟುಕೊಂಡ ಜಾಗ ಕಂಡರೆ ಅನುಮಾನವೇ ಬೇಡ. ಒತ್ತಿ ನೋಡಲು ಮಾತ್ರ ಹೋಗಬೇಡಿ. ಇಂಥ ಫೋಮ್ ಬೆರಳು ತಾಗಿದರೆ ಸಾಕು, ಹರಿಯುತ್ತದೆ.

ಹಾಗಾಗಿದ್ದರೆ ಆ ಸ್ಪೀಕರ್ ಬಳಸುವುದನ್ನೂ ನಿಲ್ಲಿಸಿ. ಉಂಗುರ ಒಂದು ಕಡೆ ಹರಿದರೆ ಕೋನ್ ನಡುವಿನಿಂದ ಸರಿಯುತ್ತದೆ. ಆಗ ಹಿಂದೆ ಇರುವ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಅಯಸ್ಕಾಂತದ ಗೋಡೆಗೆ ಉಜ್ಜುತ್ತದೆ. ಈಗ ಫೋಮ್ ಒಂದನ್ನೇ ಬದಲಿಸಿದರೆ ಮುಗಿಯುವ ಕೆಲಸ, ಕಾಯಿಲ್ ಸುಟ್ಟ ಮೇಲೆ ಪೂರ್ತಿ ರೀಕೋನ್ ಮಾಡಿಸುವ, ಅಂದರೆ ಕೋನ್, ಕಾಯಿಲ್ ಎಲ್ಲ ಹೊಸದು ಹಾಕಿಸುವ ತನಕ ಹೋಗುತ್ತದೆ. ಹೊಸ ಫೋಮ್ ಹಾಕಿಸುವ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಇನ್ನು ಎಡಗಡೆಯ ಕರಕರ. ಅದಕ್ಕೂ ಧೂಳಿನ ಮೇಲೆ ತಪ್ಪು ಹೊರಿಸುವ ಮೊದಲು ಒಂದು ಕೆಲಸ ಮಾಡಿ. ಆಂಪ್ಲಿಫೈಯರ್ ಬಂದ್ ಮಾಡಿ, ಪ್ಲಗ್ ತೆಗೆಯಿರಿ. ಆಂಪ್ಲಿಫೈಯರಿನ ಹಿಂದೆ ಎಡ ಸ್ಪೀಕರಿನ ವೈರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಇರಲಿ. ಮತ್ತೆ ಹಚ್ಚಿ ಕೇಳಿ. ಕರಕರ ಈಗ ಬಲಗಡೆ ಸ್ಪೀಕರಿನಲ್ಲಿ ಬಂದರೆ ನಿಮ್ಮ ಸ್ಪೀಕರಿನದ್ದು ಏನೂ ತಪ್ಪಿಲ್ಲ, ದೋಷ ಆಂಪ್ಲಿಫೈಯರಿನಲ್ಲೋ ಅದಕ್ಕೆ ಬರುವ ವೈರಿನಲ್ಲೋ ಇದೆ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಜಾಸ್ತಿ ಆಗುತ್ತದೆ ಅಂದರೆ ವಾಲ್ಯೂಮ್ ಕಂಟ್ರೋಲ್ ಒಳಗೆ ಕೊಳೆ ಕೂತಿದೆ ಅಂತ ಅರ್ಥ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಬೇಕು, ಸ್ಪೀಕರಿಗೆ ಬ್ರಶ್ ಹಿಡಿದರೆ ಏನೂ ಆಗದು. ವೈರ್ ಅದಲು ಬದಲು ಮಾಡಿದ ಮೇಲೂ ಅದೇ ಸ್ಪೀಕರಿನಲ್ಲಿ ಸದ್ದು ಉಳಿದರೆ ಮೊದಲು ಹಿಂದಿನ ಟರ್ಮಿನಲ್ ನೋಡಿ. ಸಡಿಲ ಇದ್ದರೆ ಬಿಗಿ ಮಾಡಿ, ವೈರಿನ ತುದಿ ಹಸಿರಾಗಿದ್ದರೆ ಕತ್ತರಿಸಿ ಹೊಸ ತುದಿ ಹಾಕಿ. ಧೂಳಿನ ಸರದಿ ಅದಾದ ಮೇಲೆ.

ಈಗ ಧೂಳಿನ ಬಗ್ಗೆ. ನನ್ನ ಮೇಜಿಗೆ ರಿಪೇರಿಗೆ ಬರುವ ಸ್ಪೀಕರುಗಳನ್ನು ನೋಡಿ ನನಗೆ ಗಟ್ಟಿಯಾಗಿರುವ ಒಂದು ಅಭಿಪ್ರಾಯ ಇದೆ: ಧೂಳಿನಿಂದ ಕೆಟ್ಟ ಸ್ಪೀಕರ್ ಕಡಿಮೆ, ಧೂಳು ತೆಗೆಯಲು ಹೋಗಿ ಕೆಟ್ಟದ್ದು ಜಾಸ್ತಿ. ಒಳಕ್ಕೆ ಹೋದ ಟ್ವೀಟರ್, ಸ್ಕ್ರೂಡ್ರೈವರ್ ತೂರಿದ ಕೋನ್, ಸ್ಪಿರಿಟ್ ಹಚ್ಚಿ ಬಣ್ಣಗೆಟ್ಟ ಬಟ್ಟೆ, ಇವೆಲ್ಲ ಒಳ್ಳೆಯ ಮನಸ್ಸಿನಿಂದ ಸ್ವಚ್ಛ ಮಾಡಲು ಹೋದವರ ಮನೆಯಿಂದಲೇ ಬರುತ್ತವೆ.

ಲೆಕ್ಕ ಹಾಕಿದರೂ ಇದು ಗೊತ್ತಾಗುತ್ತದೆ. ಎಂಟು ಇಂಚಿನ ವೂಫರಿನಲ್ಲಿ ಅಲುಗಾಡುವ ಭಾಗ ಎಲ್ಲ ಸೇರಿ ಸುಮಾರು 20ರಿಂದ 40 ಗ್ರಾಂ ತೂಗುತ್ತದೆ. ಅದರ ಮೇಲೆ ಕೂತ ತೆಳು ಧೂಳಿನ ಪದರ ಆ ತೂಕಕ್ಕೆ ಏನೂ ಅಲ್ಲ. ನಿಮ್ಮ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಟ್ವೀಟರಿನ ಲೆಕ್ಕ ಬೇರೆ. ಒಂದು ಇಂಚಿನ ಬಟ್ಟೆಯ ಗುಮ್ಮಟ ಕಾಯಿಲ್ ಸಮೇತ ಅರ್ಧ ಗ್ರಾಂ ಕೂಡ ಇರುವುದಿಲ್ಲ. ಅದು ಸೆಕೆಂಡಿಗೆ ಸಾವಿರಾರು ಸಲ ಅಲುಗಬೇಕು. ಅಲ್ಲಿ ಅರಳೆಯ ಉಂಡೆ ಕೂತರೆ, ಅಡುಗೆಮನೆಯ ಎಣ್ಣೆ ಹೊಗೆ ಸೇರಿ ದಪ್ಪ ಪದರ ಆದರೆ, ಸ್ವಲ್ಪ ಮಂಕು ಕೇಳಿಸಬಹುದು. ಅಂಥ ದಪ್ಪ ಪದರ ಇಲ್ಲದಿದ್ದರೆ ಟ್ವೀಟರನ್ನು ಮುಟ್ಟದೆ ಬಿಡುವುದೇ ಒಳ್ಳೆಯದು.

ಹಾಗಾದರೆ ಧೂಳಿಗೆ ಹೆದರಲೇಬಾರದಾ? ಒಂದು ಜಾತಿಯ ಧೂಳಿಗೆ ಹೆದರಬೇಕು. ಅಯಸ್ಕಾಂತಕ್ಕೆ ಅಂಟುವ ಧೂಳಿಗೆ. ವಾಯ್ಸ್ ಕಾಯಿಲ್ ಅನ್ನುವುದು ಕೂದಲಿನಂಥ ತಂತಿಯ ಸುರುಳಿ. ಅದು ಅಯಸ್ಕಾಂತದ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಟ್ವೀಟರಿನಲ್ಲಿ ಆ ಸಂದಿಯ ಅಗಲ ಒಂದು ಮಿಲಿಮೀಟರಿನ ಆಸುಪಾಸು. ಅದರೊಳಗೆ ಕಾಯಿಲ್ಲೂ ಕೂರಬೇಕು, ಅದರ ಎರಡೂ ಬದಿ ಕೂದಲೆಳೆಯಷ್ಟು ಜಾಗವೂ ಉಳಿಯಬೇಕು. ಅಲ್ಲಿ ಒಂದು ಕಬ್ಬಿಣದ ಕಣ ಸಿಕ್ಕಿಕೊಂಡರೆ ಅದು ಹೊರಗೆ ಬರುವುದಿಲ್ಲ, ಅಯಸ್ಕಾಂತ ಬಿಡುವುದಿಲ್ಲ. ಪ್ರತಿ ಸ್ವರಕ್ಕೂ ಕಾಯಿಲ್ ಅದಕ್ಕೆ ಉಜ್ಜುತ್ತದೆ.

ನಮ್ಮ ಭಾಗದ ಧೂಳಿನಲ್ಲಿ ಇಂಥ ಕಣ ಇರುತ್ತವಾ ಅಂತ ಕೇಳಿದರೆ, ಮನೆಯಲ್ಲೇ ನೋಡಿಕೊಳ್ಳಿ. ಒಂದು ಹಳೆಯ ಅಯಸ್ಕಾಂತವನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಮಾಳಿಗೆ ಮೇಲಿನ ಒಣ ಧೂಳಿನಲ್ಲಿ ಅಥವಾ ಓಣಿಯ ಮಣ್ಣಿನಲ್ಲಿ ಸಾವಕಾಶ ಆಡಿಸಿ. ಮೇಲೆ ಎತ್ತಿದಾಗ ಚೀಲಕ್ಕೆ ಕಪ್ಪು ಮೀಸೆಯಂತೆ ಸಣ್ಣ ಕಣಗಳು ಎದ್ದು ನಿಂತಿರುತ್ತವೆ. ಮಣ್ಣಿನಲ್ಲಿ ಸಹಜವಾಗಿ ಇರುವ ಕಬ್ಬಿಣದ ಅದಿರಿನ ಕಣಗಳು ಅವು. ಗದಗ, ನವಲಗುಂದದ ಕಡೆ ಎರೆ ಮಣ್ಣಿದ್ದರೂ ಅಷ್ಟೇ, ಧಾರವಾಡದ ಪಶ್ಚಿಮಕ್ಕೆ ಮಸಾರಿ ಇದ್ದರೂ ಅಷ್ಟೇ, ಅಯಸ್ಕಾಂತ ಆಡಿಸಿದರೆ ಒಂದಿಷ್ಟು ಸಿಕ್ಕೇ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಅಂಗಡಿ ಪಕ್ಕ ಮನೆ ಇದ್ದವರಿಗೆ ಇನ್ನೂ ಜಾಸ್ತಿ.

ಈ ಕಣಗಳು ಸಂದಿಯೊಳಗೆ ಹೋಗದಂತೆ ತಡೆಯಲೆಂದೇ ಕೋನಿನ ನಡುವೆ ಟೊಪ್ಪಿಗೆಯಂಥ ಡಸ್ಟ್ ಕ್ಯಾಪ್ ಇದೆ, ಹಿಂದೆ ಸ್ಪೈಡರ್ ಅನ್ನುವ ಸುಕ್ಕು ಬಟ್ಟೆ ಇದೆ. ಅವೆರಡೂ ಸರಿಯಾಗಿರುವ ತನಕ ಹೊರಗಿನ ಧೂಳು ಹೊರಗೇ ಇರುತ್ತದೆ. ಕ್ಯಾಪ್ ಬಿಟ್ಟುಕೊಂಡಿದ್ದರೆ, ಅಥವಾ ನಡುವೆ ಗುಂಡು ಮೊಳೆಯಂಥ ಪ್ಲಗ್ ನಿಂತು ಸುತ್ತ ಸಂದಿ ಕಾಣುವ ಬಗೆಯ ವೂಫರ್ ಆಗಿದ್ದರೆ, ಎಚ್ಚರ ಬೇಕು. ಅಂಥದ್ದರಲ್ಲಿ ಬ್ರಶ್ ಯಾವಾಗಲೂ ನಡುವಿನಿಂದ ಅಂಚಿನ ಕಡೆಗೇ ಹೋಗಬೇಕು.

ವ್ಯಾಕ್ಯೂಮ್ ಮತ್ತು ಬ್ಲೋವರ್ ಎರಡಕ್ಕೂ ನನ್ನ ಉತ್ತರ ಬೇಡ ಅಂತಲೇ. ವ್ಯಾಕ್ಯೂಮ್ ಕ್ಲೀನರಿನ ಬಾಯಿ ಹತ್ತಿರ ಬಂದರೆ ಟ್ವೀಟರಿನ ಗುಮ್ಮಟ ಕ್ಷಣದಲ್ಲಿ ಹೊರಕ್ಕೆ ಎಳೆದುಕೊಳ್ಳುತ್ತದೆ. ವೂಫರಿನ ಡಸ್ಟ್ ಕ್ಯಾಪ್ ಕಿತ್ತು ಬರಬಹುದು. ಹಳೆಯ ಫೋಮ್ ಇದ್ದರೆ ಉಂಗುರವೇ ಹೋಗುತ್ತದೆ. ಕಡಿಮೆ ಸ್ಪೀಡಿನಲ್ಲಿ, ಬ್ರಶ್ ಹಾಕಿ ದೂರದಿಂದ ಹಿಡಿಯುತ್ತೇನೆ ಅಂತ ಕೆಲವರು ಹೇಳುತ್ತಾರೆ. ಕೈ ಒಂದು ಸಲ ಜಾರಿದರೆ ಸಾಕು. ಕಂಪ್ಯೂಟರ್ ಅಂಗಡಿಯ ಬ್ಲೋವರ್ ಲೋಹದ ಪೆಟ್ಟಿಗೆಯೊಳಗಿನ ಧೂಳು ಹಾರಿಸಲು ಮಾಡಿದ್ದು. ಅದರ ಗಾಳಿ ಕೋನನ್ನು ಒಳಕ್ಕೆ ತಳ್ಳುತ್ತದೆ, ಜೊತೆಗೆ ಸಣ್ಣ ಕಣಗಳನ್ನು ಸಂದಿಗೊಂದಿಗೆ ತೂರಿಸುತ್ತದೆ. ಡಬ್ಬಿಯಲ್ಲಿ ಬರುವ ಗಾಳಿ ಸ್ಪ್ರೇಯೂ ಅಷ್ಟೇ. ಡಬ್ಬಿ ವಾರೆ ಮಾಡಿದರೆ ಒಳಗಿನ ದ್ರವ ಮಂಜಿನಂತೆ ಹೊರಬಂದು ಕೋನ್ ಮೇಲೆ ಕೂರುತ್ತದೆ. ಹೇರ್ ಡ್ರೈಯರಿನ ಬಿಸಿಗೆ ಅಂಟು ಸಡಿಲ ಆಗುತ್ತದೆ. ಬಾಯಲ್ಲಿ ಊದಿದರೆ ಉಗುಳಿನ ಹನಿ ಹಾರುತ್ತದೆ, ಬಟ್ಟೆಯ ಟ್ವೀಟರ್ ಮೇಲೆ ಆ ಕಲೆ ಉಳಿಯುತ್ತದೆ.

ಬೇಕಾಗಿರುವುದು ಬಹಳ ಸಾದಾ ಸಾಮಾನು. ಮೆತ್ತನೆ ಕೂದಲಿನ ಒಂದು ಅಗಲ ಮೇಕಪ್ ಬ್ರಶ್, ಜಲವರ್ಣಕ್ಕೆ ಬಳಸುವ ಒಂದು ಸಣ್ಣ ದುಂಡು ಬ್ರಶ್. ಎರಡೂ ಹೊಸದಾಗಿರಲಿ, ಪೌಡರ್ ಅಥವಾ ಬಣ್ಣ ಹತ್ತಿದ್ದು ಬೇಡ. ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್, ಅಂದರೆ ಕೈಯಲ್ಲಿ ಅದುಮಿದರೆ ಪುಸ್ ಅನ್ನುವುದು, ಇದ್ದರೆ ಒಳ್ಳೆಯದು. ಒಂದು ಮೈಕ್ರೋಫೈಬರ್ ಬಟ್ಟೆ. ಒಂದು ಟಾರ್ಚ್.

ಬ್ರಶ್ ಕೊಳ್ಳುವಾಗ ಒಂದು ವಿಷಯ ನೋಡಿ, ಇದನ್ನು ಯಾರೂ ಹೇಳುವುದಿಲ್ಲ. ಕೂದಲನ್ನು ಹಿಡಿಯ ಜೊತೆ ಕಟ್ಟುವ ಲೋಹದ ಪಟ್ಟಿ ಕಬ್ಬಿಣದ್ದಾ ಅಂತ ಅಯಸ್ಕಾಂತ ಹಚ್ಚಿ ಪರೀಕ್ಷೆ ಮಾಡಿ. ಅಂಟಿದರೆ ಆ ಬ್ರಶ್ ಬೇಡ. ಸ್ಪೀಕರಿನ ಅಯಸ್ಕಾಂತ ಬಹಳ ಬಲವಾದದ್ದು. ಹತ್ತಿರ ಹೋದ ಕೂಡಲೇ ಬ್ರಶ್ಶನ್ನು ಸೆಳೆದುಕೊಂಡು ಲೋಹದ ಅಂಚು ನೇರ ಕೋನಿಗೆ ಬಡಿಯುವಂತೆ ಮಾಡುತ್ತದೆ. ಅಂಟದಿದ್ದರೂ ಆ ಪಟ್ಟಿಯ ಮೇಲೆ ಒಂದು ಸುತ್ತು ಪೇಪರ್ ಟೇಪ್ ಸುತ್ತಿಬಿಡಿ. ಕೈಯಲ್ಲಿನ ಉಂಗುರ, ಬಳೆ, ವಾಚು ತೆಗೆದಿಡಿ. ಜಾಲರಿ ಅಥವಾ ವೂಫರಿನ ಸ್ಕ್ರೂ ಬಿಚ್ಚುವ ಪ್ರಸಂಗ ಬಂದರೆ ಸ್ಕ್ರೂಡ್ರೈವರ್ ಎರಡೂ ಕೈಯಲ್ಲಿ ಹಿಡಿಯಿರಿ: ಒಂದು ಕೈ ತಿರುಗಿಸಲು, ಇನ್ನೊಂದು ಕೈ ಅದರ ಕಡ್ಡಿ ಜಾರದಂತೆ ಕೋನಿಗೆ ಅಡ್ಡ ಇಡಲು. ಕೋನಿಗೆ ತೂತು ಬೀಳುವ ಕಾರಣಗಳಲ್ಲಿ ಜಾರಿದ ಸ್ಕ್ರೂಡ್ರೈವರಿಗೇ ಮೊದಲ ಸ್ಥಾನ.

ಈಗ ನಿಮ್ಮ ಚಿಕ್ಕ ಜೋಡಿ. ಆಂಪ್ಲಿಫೈಯರ್ ಬಂದ್ ಇರಲಿ. ಫ್ಯಾನ್ ನಿಲ್ಲಿಸಿ. ಸ್ಪೀಕರನ್ನು ಬೆನ್ನ ಮೇಲೆ ಮಲಗಿಸಬೇಡಿ, ಎಲ್ಲರೂ ಹಾಗೇ ಮಾಡುತ್ತಾರೆ. ಹಾಗೆ ಮಾಡಿದರೆ ಬಿಡಿಸಿದ ಧೂಳು ಅಲ್ಲೇ ಕೋನಿನ ಬುಡಕ್ಕೆ, ಉಂಗುರದ ಸಂದಿಗೆ ಇಳಿಯುತ್ತದೆ. ನೇರ ನಿಲ್ಲಿಸಿ, ಹಿಂದಿನ ಅಂಚಿಗೆ ಒಂದು ದಪ್ಪ ಪುಸ್ತಕ ಕೊಟ್ಟು ಸ್ವಲ್ಪ ಮುಂದಕ್ಕೆ ಬಾಗಿಸಿ. ಇನ್ನೊಬ್ಬರು ಹಿಡಿದುಕೊಂಡರೆ ಒಳ್ಳೆಯದು. ಧೂಳು ಬಿಟ್ಟ ಹಾಗೆ ಹೊರಗೆ ಬೀಳುತ್ತದೆ.

ವೂಫರಿನಿಂದ ಶುರು ಮಾಡಿ. ಅಗಲ ಬ್ರಶ್ಶನ್ನು ಒತ್ತದೆ, ಕೂದಲ ತುದಿ ಮಾತ್ರ ತಾಗುವಂತೆ, ಮೇಲಿನಿಂದ ಕೆಳಗೆ ಎಳೆಯಿರಿ. ಧೂಳು ಜಾಸ್ತಿ ಕೂರುವುದು ಕೋನಿನ ಕೆಳಗಿನ ಅರ್ಧದಲ್ಲಿ ಮತ್ತು ಉಂಗುರದ ಕೆಳಗಿನ ತಗ್ಗಿನಲ್ಲಿ. ಅಲ್ಲಿ ಸಣ್ಣ ಬ್ರಶ್ ಬಳಸಿ. ಪ್ರತಿ ಎರಡು ಮೂರು ಎಳೆತಕ್ಕೆ ಬ್ರಶ್ಶನ್ನು ದೂರ ಹಿಡಿದು ಕೊಡವಿ. ಕಾಗದದ ಕೋನಿಗೆ ನೀರು ತಾಗಿಸಲೇಬೇಡಿ. ಕಾಗದ ನೀರು ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೆ ಮೊದಲಿನ ಬಿಗಿ ಇರುವುದಿಲ್ಲ, ನಡುವಿನ ಅಂಟೂ ಸಡಿಲ ಆಗಬಹುದು.

ನಿಮ್ಮ ಮನೆಯಲ್ಲಿ ಅರಳೆಯದ್ದೇ ಮುಖ್ಯ ಸಮಸ್ಯೆ, ಅದಕ್ಕೆ ಒದ್ದೆ ಬಟ್ಟೆ ಇನ್ನೂ ಕೆಟ್ಟದ್ದು. ಒಣ ಅರಳೆ ಬ್ರಶ್ಶಿಗೆ ಸುಮ್ನೆ ಎದ್ದು ಬರುತ್ತದೆ. ಒದ್ದೆ ಆದರೆ ಅದು ಕಾಗದದ ಒರಟು ಮೈಗೆ ಹತ್ತಿ ಒತ್ತಿಕೊಂಡು ಕೂರುತ್ತದೆ, ಆಮೇಲೆ ಕೆರೆದು ತೆಗೆಯಬೇಕಾಗುತ್ತದೆ. ಒಣ ಬ್ರಶ್ಶಿಗೂ ಬಾರದ ಎಳೆ ಇದ್ದರೆ ಪ್ಲಾಸ್ಟಿಕ್ ಚಿಮುಟದಲ್ಲಿ ಎತ್ತಿ. ಸ್ಟೀಲ್ ಚಿಮುಟ ಬೇಡ, ಕಾರಣ ಮೇಲೆ ಹೇಳಿದ್ದೇ. ಒಂದೆರಡು ಎಳೆ ಉಳಿದರೆ ಉಳಿಯಲಿ, ಸ್ವರಕ್ಕೆ ಏನೂ ಆಗುವುದಿಲ್ಲ.

ಹೊಸ ಸ್ಪೀಕರುಗಳಲ್ಲಿ ಉಂಗುರ ಹೆಚ್ಚಾಗಿ ರಬ್ಬರಿನದು. ನುಣುಪಾಗಿ, ತುಸು ಹೊಳಪಾಗಿ ಕಾಣುತ್ತದೆ. ರಬ್ಬರ್ ಆಗಿದ್ದರೆ ಅದೊಂದನ್ನು ಮಾತ್ರ ತುಸುವೇ ತೇವ ಮಾಡಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಬಹುದು. ಬಟ್ಟೆ ಹಿಂಡಿದರೆ ಒಂದು ಹನಿಯೂ ಬರಬಾರದು, ಬೆರಳಿಗೆ ತಂಪು ಅನಿಸಿದರೆ ಸಾಕು. ಬೋರ್‌ವೆಲ್ ನೀರು ಬೇಡ. ಅದರಲ್ಲಿ ಸುಣ್ಣದ ಅಂಶ ಇರುವುದರಿಂದ ಒಣಗಿದ ಮೇಲೆ ಬಿಳಿ ಕಲೆ ಬೀಳುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತೆಗೆದುಕೊಳ್ಳಿ. ಬ್ಯಾಟರಿ ಅಂಗಡಿಯಲ್ಲಿ ಆಸಿಡ್ ಕೂಡ ಅಂಥದ್ದೇ ಡಬ್ಬಿಯಲ್ಲಿ ಇಟ್ಟಿರುತ್ತಾರೆ, ಹೆಸರು ಓದಿ ತನ್ನಿ. ರಬ್ಬರ್ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ, ಟೈರ್ ಪಾಲಿಶ್, ಸಿಲಿಕೋನ್ ಸ್ಪ್ರೇ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಅಂಟಿನ ಗೆರೆಗೆ ಇಳಿದು ಉಂಗುರ ಬಿಟ್ಟುಕೊಳ್ಳುವಂತೆ ಮಾಡುತ್ತದೆ, ಮೇಲಿಂದ ಹೊಸ ಧೂಳನ್ನೂ ಹಿಡಿದಿಡುತ್ತದೆ.

ಟ್ವೀಟರಿಗೆ ಬರೋಣ. ಬಟ್ಟೆಯ ಗುಮ್ಮಟಗಳಿಗೆ ಬಹಳ ಸಲ ಒಂದು ಜಿಗುಟಾದ ಲೇಪ ಹಚ್ಚಿರುತ್ತಾರೆ. ಅದು ಕೊಳೆಯಲ್ಲ. ಬಟ್ಟೆಯ ಸಣ್ಣ ರಂಧ್ರ ಮುಚ್ಚಿ, ಬೇಡದ ಕಂಪನ ತಡೆಯಲು ಕಾರ್ಖಾನೆಯಲ್ಲೇ ಹಚ್ಚಿದ್ದು. ಧೂಳು ಅದಕ್ಕೆ ಅಂಟಿರುತ್ತದೆ, ನೋಡಲು ಕೊಳಕಾಗಿ ಕಾಣುತ್ತದೆ. ಇದನ್ನು ಹೋಗಲಾಡಿಸಲು ಸ್ಪಿರಿಟ್, ಸ್ಯಾನಿಟೈಸರ್, ಉಗುರಿನ ಬಣ್ಣ ತೆಗೆಯುವ ದ್ರವ ಹಚ್ಚಿದರೆ ಲೇಪವೇ ಕರಗಿ ಹೋಗುತ್ತದೆ. ಆಮೇಲೆ ಸ್ವರ ಚುಚ್ಚಿದಂತೆ ಕೇಳುತ್ತದೆ, ಎರಡು ಸ್ಪೀಕರ್ ಎರಡು ಬಗೆ ಕೇಳುತ್ತವೆ. ಮೊದಲು ರಬ್ಬರ್ ಬ್ಲೋವರನ್ನು ಒಂದು ಗೇಣು ದೂರ ಹಿಡಿದು, ಬದಿಯಿಂದ ಒಂದೆರಡು ಸಲ ಪುಸ್ ಅನ್ನಿಸಿ. ಎದುರಿನಿಂದ ಊದಬೇಡಿ. ಬಾರದಿದ್ದರೆ ಅತಿ ಮೆತ್ತನೆಯ ಬ್ರಶ್ಶಿನ ತುದಿಯನ್ನು ಗುಮ್ಮಟದ ಮೇಲೆ ಹಾಯಿಸಿ, ಕೂದಲು ಬಾಗಬಾರದು. ಆಮೇಲೂ ಉಳಿದದ್ದು ಲೇಪದೊಳಗೆ ಸೇರಿದೆ ಅಂತ ಬಿಟ್ಟುಬಿಡಿ. ಅದು ಅಲ್ಲೇ ಇದ್ದು ಏನೂ ತೊಂದರೆ ಕೊಡುವುದಿಲ್ಲ.

ನಿಮ್ಮ ಮಗ ಒತ್ತಿದ್ದಕ್ಕೆ ಗಾಬರಿ ಬೇಡ, ಬಯ್ಯಲೂ ಬೇಡ. ಮಕ್ಕಳ ಬೆರಳು ಮೊದಲು ಹೋಗುವುದೇ ಆ ಗುಮ್ಮಟಕ್ಕೆ. ಬಟ್ಟೆಯ ಗುಮ್ಮಟ ಹಲವು ಸಲ ತಾನಾಗಿಯೇ ಸ್ವಲ್ಪ ಮೇಲೆ ಬರುತ್ತದೆ. ಒಂದು ಪರೀಕ್ಷೆ ಮಾಡಿ. ತಂಬೂರಿಯ ನಾದ ಸ್ಪಷ್ಟವಾಗಿರುವ ಒಂದು ಗಾಯನ ಹಚ್ಚಿ, ಬ್ಯಾಲೆನ್ಸ್ ಒಂದು ಸಲ ಪೂರ್ತಿ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ. ತಂಬೂರಿಯ ಜವಾರಿಯಲ್ಲಿ, ಅಂದರೆ ತಂತಿಯ ಝೇಂಕಾರದಲ್ಲಿ, ಎತ್ತರದ ಸ್ವರಾಂಶಗಳು ಹೇರಳವಾಗಿರುತ್ತವೆ, ಟ್ವೀಟರಿಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಎರಡೂ ಕಡೆ ಒಂದೇ ಮಿನುಗು ಇದ್ದರೆ ತಗ್ಗನ್ನು ಹಾಗೇ ಬಿಡಿ. ಒಂದು ಕಡೆ ಮಂಕು ಅಥವಾ ಝರ್ ಅನ್ನುವ ಸದ್ದು ಬಂದರೆ ಒಳಗೆ ಕಾಯಿಲ್ಲಿನ ಸುರುಳಿ ಡೊಂಕಾಗಿರಬಹುದು, ಆಗ ಟ್ವೀಟರ್ ಬದಲಿಸುವುದೇ ದಾರಿ. ಟೇಪ್ ಅಂಟಿಸಿ ಎಳೆಯುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಲೇಪ ಇರುವ ಗುಮ್ಮಟಕ್ಕೆ ನಾನು ಅದನ್ನು ಹೇಳುವುದಿಲ್ಲ, ಟೇಪಿನ ಜೊತೆ ಲೇಪವೂ ಬರುತ್ತದೆ. ವೂಫರಿನ ಡಸ್ಟ್ ಕ್ಯಾಪ್ ತಗ್ಗು ಬಿದ್ದಿದ್ದರೆ ಅದು ಬರೀ ನೋಟದ ಕೊರತೆ ಅಂತ ತಿಳಿಯಿರಿ.

ಜಾಲರಿಯನ್ನು ಮಾತ್ರ ಧೈರ್ಯವಾಗಿ ಸ್ವಚ್ಛ ಮಾಡಬಹುದು. ಸ್ಪೀಕರಿನಿಂದ ಬಿಡಿಸಿ, ಇನ್ನೊಂದು ಕೋಣೆಗೆ ಒಯ್ದು ಅಲ್ಲಿ ವ್ಯಾಕ್ಯೂಮ್ ಹಿಡಿಯಿರಿ. ನಿಮ್ಮ ವ್ಯಾಕ್ಯೂಮಿಗೆ ಇಲ್ಲಿ ಕೆಲಸ ಇದೆ. ಬಟ್ಟೆಗೆ ಹತ್ತಿದ ಎಳೆ ತೆಗೆಯುವ ಅಂಟು ರೋಲರ್ ಅರಳೆಗೆ ಹೇಳಿ ಮಾಡಿಸಿದಂತಿದೆ. ಚೌಕಟ್ಟು ಹಾರ್ಡ್‌ಬೋರ್ಡಿನದ್ದಾದರೆ ನೀರಿಗೆ ಹಾಕಬೇಡಿ, ಉಬ್ಬಿ ಸೊಟ್ಟಗಾಗುತ್ತದೆ. ಪ್ಲಾಸ್ಟಿಕ್ ಚೌಕಟ್ಟು ಇದ್ದರೆ ತಣ್ಣೀರಲ್ಲಿ ಅದ್ದಿ ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ.

ಓದುವ ಬೇರೆಯವರ ಮನೆಯಲ್ಲಿ ಬೇರೆ ಬಗೆ ಸ್ಪೀಕರ್ ಇರುತ್ತವೆ, ಅವರಿಗೆ ನಾಲ್ಕು ಮಾತು. ಪ್ಲಾಸ್ಟಿಕ್ ಕೋನಿಗೆ ಒಣ ಬಟ್ಟೆ ತಿಕ್ಕಿದರೆ ಸ್ಥಿರ ವಿದ್ಯುತ್ ಹುಟ್ಟಿ ಧೂಳು ಇನ್ನೂ ಜಾಸ್ತಿ ಹಿಡಿಯುತ್ತದೆ, ತುಸು ತೇವದ ಬಟ್ಟೆಯಲ್ಲಿ ಒರೆಸಿ. ಅಲ್ಯೂಮಿನಿಯಂ, ಟೈಟೇನಿಯಂ ಗುಮ್ಮಟದ ಟ್ವೀಟರನ್ನು ಬೆರಳಿನಿಂದ ಮುಟ್ಟಲೇಬೇಡಿ, ತಗ್ಗು ಬಿದ್ದರೆ ಸುಕ್ಕು ಹೋಗುವುದಿಲ್ಲ. ರಿಬ್ಬನ್ ಟ್ವೀಟರಿಗೆ ಗಾಳಿ ಊದುವುದೂ ಬೇಡ, ಬ್ರಶ್ಶೂ ಬೇಡ. ಒಳಗಿರುವುದು ಕೆಲವೇ ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಹಾಳೆ. ಎಲೆಕ್ಟ್ರೋಸ್ಟಾಟಿಕ್ ಫಲಕದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಅದರ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಹಾಗೆ ಮಾತ್ರ ಮಾಡಿ. ಬ್ಯಾಡಗಿ ಕಡೆಯವರಿಗೆ ಮೆಣಸಿನಕಾಯಿಯ ಧೂಳಿನ ಕಾಟ ಇರುತ್ತದೆ. ಅದರಲ್ಲಿ ಎಣ್ಣೆಯ ಅಂಶ ಮತ್ತು ಬಣ್ಣ ಎರಡೂ ಇರುವುದರಿಂದ ಕಾಗದಕ್ಕೆ ಕೂತರೆ ಕಲೆ ಉಳಿಯುತ್ತದೆ. ಆ ಕಲೆಯನ್ನು ಬಿಡಿಸಲು ಹೋಗಬೇಡಿ, ಬ್ರಶ್ ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಪೆಟ್ಟಿಗೆಯ ಹಿಂದೆ ಅಥವಾ ಮುಂದೆ ಗುಂಡಾದ ಕೊಳವೆ ಇದ್ದರೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಜೇಡ, ಜಿರಳೆ ಸೇರುತ್ತವೆ. ತಗ್ಗಿನ ಸ್ವರ ಇದ್ದಕ್ಕಿದ್ದಂತೆ ಸಣಕಲಾಗಿದ್ದರೆ ಇದೂ ಒಂದು ಕಾರಣ. ಒಣ ಗೂಡನ್ನು ಮರದ ಚಮಚದ ಹಿಡಿಯಿಂದ ಹೊರಗಿನ ಕಡೆಗೇ ಕೆರೆದು ತೆಗೆಯಿರಿ, ಒಳಗೆ ತಳ್ಳಬೇಡಿ. ಗುಡಿಯ ಮೇಲೆ ಕಟ್ಟುವ ಕಹಳೆ ಸ್ಪೀಕರಿನಲ್ಲೂ ಇದೇ ಹುಳದ ಕಾಟ. ಅದರ ಹಿಂದಿನ ಡ್ರೈವರ್ ಬಿಚ್ಚುವ ಕೆಲಸವನ್ನು ಮೈಕ್‌ಸೆಟ್ ರಿಪೇರಿ ಮಾಡುವವರಿಗೆ ಬಿಡಿ.

ಎಷ್ಟು ದಿನಕ್ಕೊಮ್ಮೆ? ನಿಮ್ಮ ಮನೆಗೆ ಹತ್ತಿಯ ಹಂಗಾಮು ಮುಗಿದ ಮೇಲೆ ಒಂದು ಸಲ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಇನ್ನೊಂದು ಸಲ, ಸಾಕು. ನಡುವೆ ಧೂಳು ಕೂರದಂತೆ ನೋಡಿಕೊಳ್ಳುವುದರಲ್ಲೇ ಲಾಭ ಜಾಸ್ತಿ. ಜಾಲರಿ ಯಾವಾಗಲೂ ಹಾಕಿಯೇ ಇರಲಿ, ತೆಗೆದರೆ ಸ್ವರ ಚೆನ್ನಾಗಿರುತ್ತದೆ ಅಂತ ಹೇಳುವವರ ಮನೆ ಹತ್ತಿ ಫ್ಯಾಕ್ಟರಿ ಹತ್ತಿರ ಇರುವುದಿಲ್ಲ. ಪಡಸಾಲೆಯಲ್ಲಿ ಒಣ ಕಸಬರಿಗೆಯಲ್ಲಿ ಗುಡಿಸುವ ಮೊದಲು ಸ್ಪೀಕರ್ ಮೇಲೆ ಹಳೆಯ ಹತ್ತಿ ಸೀರೆಯ ತುಂಡು ಹೊದಿಸಿ. ಪ್ಲಾಸ್ಟಿಕ್ ಹಾಳೆ ಬೇಡ, ಮಳೆಗಾಲದಲ್ಲಿ ತೇವ ಒಳಗೇ ನಿಂತು ಕಾಗದಕ್ಕೆ ಬೂಸ್ಟು ಬರುತ್ತದೆ. ಹಾಡು ಹಚ್ಚುವಾಗ ಹೊದಿಕೆ ತೆಗೆಯಿರಿ. ಊದಿನಕಡ್ಡಿ ಹಚ್ಚುವ ಜಾಗದಿಂದ, ಅಡುಗೆಮನೆಯ ಬಾಗಿಲಿನಿಂದ ಸ್ಪೀಕರ್ ಸ್ವಲ್ಪ ದೂರ ಇರಲಿ. ಆ ಹೊಗೆಯ ಜಿಡ್ಡು ಕೂತ ಮೇಲೆ ಧೂಳು ಬ್ರಶ್ಶಿಗೆ ಬರುವುದಿಲ್ಲ.

ಎಲ್ಲ ಮುಗಿದ ಮೇಲೆ ಕಾಯಿಲ್ ಸರಿಯಾಗಿದೆಯಾ ಅಂತ ನೋಡಬೇಕಾದರೆ, ಕಡಿಮೆ ವಾಲ್ಯೂಮಿನಲ್ಲಿ ತಗ್ಗಿನ ಧ್ವನಿ ಹಚ್ಚಿ ಕಿವಿಯನ್ನು ವೂಫರಿನ ಹತ್ತಿರ ಒಯ್ಯಿರಿ. ಗಂಗೂಬಾಯಿಯವರ ಗಡುಸಾದ ಕಂಠ, ತಬಲಾದ ಎಡದ ಗುಂಕು, ಇವಕ್ಕೆ ಹೊಂದಿಕೊಂಡು ಸರ್ ಸರ್ ಅಂತ ಕಾಗದ ಉಜ್ಜಿದ ಸದ್ದು ಬಂದರೆ ಕಾಯಿಲ್ ಎಲ್ಲೋ ತಾಗುತ್ತಿದೆ. ಸದ್ದು ಇಲ್ಲದಿದ್ದರೆ ನಿಶ್ಚಿಂತೆಯಿಂದ ಕೇಳಿ.

ತಂದೆಯವರ ಪೆಟ್ಟಿಗೆಗಳನ್ನು ಮಾತ್ರ ಮೂಲೆಗೆ ಹಾಕಬೇಡಿ, ಗುಜರಿಗೆ ಖಂಡಿತ ಕೊಡಬೇಡಿ. ಫೋಮ್ ಹೋದ ಸ್ಪೀಕರಿನಲ್ಲಿ ಕೋನ್, ಕಾಯಿಲ್, ಅಯಸ್ಕಾಂತ ಎಲ್ಲ ಗಟ್ಟಿಯಾಗಿಯೇ ಇರುತ್ತವೆ. ಹೊಸ ಉಂಗುರ ಹಾಕಿದರೆ ಮತ್ತೆ ಹಲವು ವರ್ಷ ಹಾಡುತ್ತವೆ. ಹುಬ್ಬಳ್ಳಿಯಲ್ಲಿ ಸ್ಪೀಕರ್ ರೀಕೋನ್ ಮಾಡುವವರನ್ನು ವಿಚಾರಿಸಿ. ಕೊಡುವ ಮೊದಲು ಮೂರು ವಿಷಯ ಸ್ಪಷ್ಟವಾಗಿ ಕೇಳಿ. ಒಂದು, ನಿಮ್ಮ ವೂಫರಿನ ಅಳತೆಗೆ ಸರಿಹೊಂದುವ ಉಂಗುರ ಇದೆಯಾ, ಹೊರಗಿನ ಅಳತೆ ಮಾತ್ರ ಸಾಲದು, ಕೋನಿಗೆ ಅಂಟುವ ಒಳಗಿನ ಅಳತೆಯೂ ಸೇರಬೇಕು. ಎರಡು, ಮೊದಲಿನ ಹಾಗೆ ಫೋಮ್ ಹಾಕುತ್ತಾರಾ, ರಬ್ಬರ್ ಹಾಕುತ್ತಾರಾ. ಫೋಮ್ ಇದ್ದ ಕಡೆ ದಪ್ಪ ರಬ್ಬರ್ ಹಾಕಿದರೆ ಕೋನ್ ಬಿಗಿಯಾಗಿ ತಗ್ಗಿನ ಸ್ವರ ಬದಲಾಗುತ್ತದೆ, ಹಾಗಾಗಿ ಫೋಮ್‌ಗೇ ಒತ್ತಾಯಿಸಿ. ಮೂರು, ಅಂಟು ಹಚ್ಚುವಾಗ ಕಾಯಿಲನ್ನು ನಡುವಿಗೆ ಹೇಗೆ ಹಿಡಿಯುತ್ತಾರೆ. ಡಸ್ಟ್ ಕ್ಯಾಪ್ ತೆಗೆದು ಕಾಯಿಲ್ ಸುತ್ತ ತೆಳು ಪ್ಲಾಸ್ಟಿಕ್ ಪಟ್ಟಿ ಇಡುತ್ತೇವೆ ಅಂದರೂ ಸರಿ, ತಗ್ಗಿನ ಸ್ವರ ಹಚ್ಚಿ ಕೇಳುತ್ತಾ ಕೂರಿಸುತ್ತೇವೆ ಅಂದರೂ ಸರಿ. ಸುಮ್ನೆ ಅಂಟಿಸಿಬಿಡುತ್ತೇವೆ ಅಂದರೆ ಬೇರೆ ಅಂಗಡಿ ನೋಡಿ. ಒಂದು ಪೆಟ್ಟಿಗೆಯ ಫೋಮ್ ಮಾತ್ರ ಉದುರುತ್ತಿದ್ದರೂ ಎರಡಕ್ಕೂ ಒಟ್ಟಿಗೆ ಹಾಕಿಸಿ. ಎರಡರ ವಯಸ್ಸೂ ಒಂದೇ, ಇನ್ನೊಂದರದ್ದೂ ಇವತ್ತಲ್ಲ ನಾಳೆ ಹೋಗುವುದೇ. ಹಳೆ ಫೋಮಿನ ಚೂರನ್ನು ಕೋನಿನ ಅಂಚಿನಿಂದ ಕೆರೆದು ತೆಗೆಯುವುದೂ ಅವರ ಕೈಯಲ್ಲೇ ಆಗಲಿ, ಮನೆಯಲ್ಲಿ ಶುರು ಮಾಡಬೇಡಿ. ಬಸ್ಸಿನಲ್ಲಿ ಒಯ್ಯುವುದಾದರೆ ಕೋನಿನ ಮುಂದೆ ಒಂದು ಗಟ್ಟಿ ರಟ್ಟು ಕಟ್ಟಿ, ರಟ್ಟು ಕೋನಿಗೆ ತಾಗದಂತೆ ನಾಲ್ಕು ಮೂಲೆಗೆ ಅರಿವೆಯ ಉಂಡೆ ಇಡಿ.